ಯಾವ ಊರಿನದೂ ಅಲ್ಲದ ಬಾನುಲಿ

(ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಬರಹರೂಪ)



ಕಲಬುರಗಿ ಜಿಲ್ಲೆಯ ಜೇವರ್ಗಿ ತಾಲೂಕಿನಲ್ಲಿ ಕೊಳಕೂರ ಎಂಬ ಹಳ್ಳಿಯಿದೆ. ಅದು ಭೀಮಾ ನದಿಯ ಸೀಮೆ, ಕರಿಮಣ್ಣಿನ ಬಯಲು. ತೊಗರಿ, ಬಿಳಿಜೋಳ, ಹತ್ತಿ ಅಲ್ಲಿನ ಬೆಳೆಗಳು. ಮಲೆನಾಡಿಗೂ ಆ ಬಯಲಿಗೂ ನೆಲ, ಮಳೆ, ಬೆಳೆ, ಊಟ, ಆಡುನುಡಿ ಎಲ್ಲದರಲ್ಲಿಯೂ ಅಂತರ. ಇಲ್ಲಿ ಮಳೆ ಯಾವಾಗ ಬಿಟ್ಟೀತು, ಅಡಿಕೆಗೆ ಮದ್ದು ಹೊಡೆಯಲು ಎರಡು ದಿನದ ಹೊಳವು ಸಿಕ್ಕೀತೇ ಎಂದು ಕಾಯುವ ಹೊತ್ತಿನಲ್ಲಿ, ಅಲ್ಲಿ ತೊಗರಿ ಬಿತ್ತನೆಗೆ ಹದವಾದ ಮಳೆ ಬಂದೀತೇ ಎಂದು ಮುಗಿಲು ನೋಡುತ್ತಿರುತ್ತಾರೆ.

ಆದರೂ ಈ ಎರಡು ಸೀಮೆಗಳಲ್ಲಿ ಒಂದೇ ಹೊತ್ತಿಗೆ ರೇಡಿಯೊ ಹಚ್ಚಿದರೆ ಕೇಳಿಬರುವುದು ಬಹುಮಟ್ಟಿಗೆ ಒಂದೇ ಆಗಿರುತ್ತದೆ. ಅದೇ ಚಿತ್ರಗೀತೆ, ಅದೇ ನಗು, ಅದೇ ಜಾಹೀರಾತು, ‘ನೀರನ್ನು ಮಿತವಾಗಿ ಬಳಸಿರಿ’ ಎಂಬ ಅದೇ ಬುದ್ಧಿವಾದ. ಕೊಳಕೂರಕ್ಕೂ ಸಲ್ಲುವ, ಕೊಪ್ಪಕ್ಕೂ ಸಲ್ಲುವ ಮಾತು ಕೊನೆಗೆ ಎರಡು ಊರಿಗೂ ಬೇಡವಾಗುತ್ತದೆ. ‘ಸ್ಥಳೀಯ’ ಎಂಬ ಹೆಸರನ್ನು ಹೊತ್ತ ಬಾನುಲಿ ಕೇಂದ್ರಗಳು ಸಪ್ಪೆಯಾಗುವುದು ಹೇಗೆ, ಸಪ್ಪೆಯಾದದ್ದು ಅನಗತ್ಯವಾಗುವುದು ಹೇಗೆ ಎಂಬುದೇ ಈ ಉಪನ್ಯಾಸದ ವಿಷಯ.

ಪರಿಸರದ ವೇದಿಕೆಯಲ್ಲಿ ರೇಡಿಯೊ ಮಾತೇಕೆ ಎಂದು ಕೆಲವರು ಕೇಳಬಹುದು. ಗುಡ್ಡ ಜರಿಯುವ ಮುನ್ನ, ಹೊಳೆ ಏರುವ ಮುನ್ನ, ಮಂಗನ ಕಾಯಿಲೆ ಹರಡುವ ಮುನ್ನ ಊರಿಗೆ ಸುದ್ದಿ ತಲುಪಬೇಕು. ಕಾಡು, ನೀರು, ಬೀಜದ ಬಗೆಗೆ ತೀರ್ಮಾನವಾಗುವಾಗ ಊರಿನ ಮಾತು ಹೊರಗೆ ಕೇಳಿಸಬೇಕು. ಗಾಳಿ, ನೀರುಗಳಂತೆಯೇ ತರಂಗಾಂತರವೂ ಸಾರ್ವಜನಿಕ ಸ್ವತ್ತು ಎಂಬುದು ಬರಿಯ ಅಲಂಕಾರದ ಮಾತಲ್ಲ. ಸರ್ವೋಚ್ಚ ನ್ಯಾಯಾಲಯವು 1995ರ ಫೆಬ್ರವರಿಯಲ್ಲಿ ಕೊಟ್ಟ ತೀರ್ಪಿನ ಸಾರ. ಆ ಸ್ವತ್ತಿನ ಬಳಕೆ ಹೇಗಾಗುತ್ತಿದೆ ಎಂದು ಕೇಳುವ ಹಕ್ಕು ಕಾಡಂಚಿನ ಕೂಲಿಯವನಿಗೂ ಇದೆ.

ಹುಟ್ಟಿನ ಉದ್ದೇಶ

ಕನ್ನಡ ನಾಡಿನಲ್ಲಿ ಬಾನುಲಿ ಹುಟ್ಟಿದ್ದು ಸರ್ಕಾರದ ಆಜ್ಞೆಯಿಂದಲ್ಲ, ವ್ಯಾಪಾರಕ್ಕಾಗಿಯೂ ಅಲ್ಲ. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ 30 ವ್ಯಾಟ್ ಶಕ್ತಿಯ ಪುಟ್ಟ ಪ್ರೇಷಕವನ್ನಿಟ್ಟು ಪ್ರಸಾರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಬೆಳೆದದ್ದು ಅಲ್ಲಿಂದ. ಮೈಸೂರಿನವರು ಮೈಸೂರಿನವರಿಗಾಗಿ ಹಾಡಿದರು, ಮಾತನಾಡಿದರು. ಅದರ ವ್ಯಾಪ್ತಿ ಚಿಕ್ಕದಿತ್ತು. ಆದರೆ ಯಾರಿಗಾಗಿ ಎಂಬುದು ಸ್ಪಷ್ಟವಿತ್ತು.

1956ರಲ್ಲಿ ಆಕಾಶವಾಣಿಯ ಪುಣೆ ಕೇಂದ್ರವು ಯುನೆಸ್ಕೋ ನೆರವಿನೊಡನೆ ಒಂದು ಪ್ರಯೋಗ ನಡೆಸಿತು. ಐದು ಜಿಲ್ಲೆಗಳ ಸುಮಾರು 150 ಹಳ್ಳಿಗಳಲ್ಲಿ ಕೇಳುಗರ ಕೂಟಗಳನ್ನು ಕಟ್ಟಲಾಯಿತು. ವಾರಕ್ಕೆರಡು ಬಾರಿ ಅರ್ಧ ಗಂಟೆಯ ಕಾರ್ಯಕ್ರಮ. ಕೇಳಿದ ಮೇಲೆ ಹಳ್ಳಿಗರು ಅಲ್ಲಿಯೇ ಕುಳಿತು ಚರ್ಚಿಸಿ ತಮ್ಮ ಪ್ರಶ್ನೆ, ತಕರಾರುಗಳನ್ನು ಕೇಂದ್ರಕ್ಕೆ ಬರೆದು ಕಳುಹಿಸುತ್ತಿದ್ದರು. ಅವಕ್ಕೆ ಮುಂದಿನ ಕಾರ್ಯಕ್ರಮಗಳಲ್ಲಿ ಉತ್ತರ ಬರುತ್ತಿತ್ತು. ಕೂಟಗಳಿದ್ದ ಹಳ್ಳಿಗಳಲ್ಲಿ ಜನರ ತಿಳಿವಳಿಕೆ ಉಳಿದ ಹಳ್ಳಿಗಳಿಗಿಂತ ಎದ್ದುಕಾಣುವಂತೆ ಬೆಳೆದಿತ್ತೆಂದು ಪಾಲ್ ನ್ಯೂರಾತ್ ಅವರ ಮೌಲ್ಯಮಾಪನ ತೋರಿಸಿತು. ರೇಡಿಯೊ ಮಾತನಾಡುವುದಷ್ಟೇ ಅಲ್ಲ, ಕಿವಿಗೊಡಲೂ ಬಲ್ಲದು ಎಂಬುದು ಅಲ್ಲಿ ಸಿದ್ಧವಾಯಿತು.

ಮುಂದೆ 1984ರಲ್ಲಿ ತಮಿಳುನಾಡಿನ ನಾಗರಕೋಯಿಲಿನಲ್ಲಿ ಆಕಾಶವಾಣಿಯ ಮೊದಲ ‘ಸ್ಥಳೀಯ ಬಾನುಲಿ ಕೇಂದ್ರ’ ಆರಂಭವಾಯಿತು. ಅದೇ ಕಲ್ಪನೆಯ ಮೇಲೆ 1990ರ ದಶಕದಲ್ಲಿ ಹಾಸನ, ಚಿತ್ರದುರ್ಗ, ಹೊಸಪೇಟೆ, ರಾಯಚೂರು, ಮಡಿಕೇರಿ, ಕಾರವಾರಗಳಂಥ ಊರುಗಳಲ್ಲಿ ಕೇಂದ್ರಗಳು ಬಂದವು. ಸ್ಟುಡಿಯೋದೊಳಗೆ ಕೂರದೆ ಹಳ್ಳಿಗೆ ಹೋಗಿ ಧ್ವನಿಮುದ್ರಿಸಬೇಕು, ಒಂದು ಜಿಲ್ಲೆಯ ಬದುಕನ್ನು ಆ ಜಿಲ್ಲೆಗೇ ಕೇಳಿಸಬೇಕು ಎಂಬುದು ಅವುಗಳ ಉದ್ದೇಶವಾಗಿತ್ತು. ಮಡಿಕೇರಿಯಿಂದ ಕೊಡವ ತಕ್ಕ್, ಅರೆಭಾಷೆ, ಮಂಗಳೂರಿನಿಂದ ತುಳು, ಕೊಂಕಣಿ ಕೇಳಿಬಂದಾಗ ಜನ ಅದನ್ನು ತಮ್ಮದೆಂದು ಹಚ್ಚಿಕೊಂಡರು.

ಸಪ್ಪೆಯಾಗುವ ಬಗೆ

ಇಂಥ ಉದ್ದೇಶದಿಂದ ಹುಟ್ಟಿದ್ದು ಸಪ್ಪೆಯಾದುದಕ್ಕೆ ಯಾರೋ ಒಬ್ಬರ ದುರುದ್ದೇಶ ಕಾರಣವಲ್ಲ. ಹಲವು ಕಾರಣಗಳು ಒಂದರ ಮೇಲೊಂದು ಕೂಡಿಕೊಂಡಿವೆ.

ಮೊದಲನೆಯದು ಹಣದ ಲೆಕ್ಕ. 2001ರ ಜುಲೈಯಲ್ಲಿ ದೇಶದ ಮೊದಲ ಖಾಸಗಿ ಎಫ್.ಎಂ. ಕೇಂದ್ರ ಬೆಂಗಳೂರಿನಲ್ಲಿ ಆರಂಭವಾಯಿತು. ಆಗಿನ ನಿಯಮದಂತೆ ತರಂಗಾಂತರವನ್ನು ಹರಾಜಿನಲ್ಲಿ ಕೊಂಡು, ವರ್ಷ ವರ್ಷವೂ ಏರುವ ಶುಲ್ಕ ಕಟ್ಟಬೇಕಿತ್ತು. 2005ರ ನೀತಿಯಲ್ಲಿ ಇದು ಬದಲಾಗಿ ಒಮ್ಮೆ ಪ್ರವೇಶಶುಲ್ಕ, ಆಮೇಲೆ ವರಮಾನದ ಶೇ. 4ರಷ್ಟು ಪಾಲು ಎಂದಾಯಿತು. ಆದರೆ ನಗರಗಳನ್ನು ಜನಸಂಖ್ಯೆಗೆ ಅನುಗುಣವಾಗಿ ವರ್ಗಗಳಾಗಿ ವಿಂಗಡಿಸಿದ ಆ ಪಟ್ಟಿಯ ಕಡೆಯ ವರ್ಗವೂ ಒಂದು ಲಕ್ಷ ಜನರಿಂದಲೇ ಆರಂಭವಾಗುತ್ತಿತ್ತು. ಶೃಂಗೇರಿಯಾಗಲಿ, ತೀರ್ಥಹಳ್ಳಿಯಾಗಲಿ, ಜೇವರ್ಗಿಯಾಗಲಿ ಆ ಲೆಕ್ಕಕ್ಕೆ ಬರಲಿಲ್ಲ. ಹರಾಜಿನಲ್ಲಿ ಕೊಂಡವನು ಸಾಲ ತೀರಿಸಬೇಕು. ಅದಕ್ಕೆ ಜಾಹೀರಾತು ಬೇಕು. ಜಾಹೀರಾತುದಾರನಿಗೆ ಕೊಳ್ಳುವ ಕೇಳುಗ ಬೇಕು. ತೊಗರಿಯ ನೆಟೆರೋಗದ ಮಾತಿಗೆ ಜಾಹೀರಾತು ಸಿಕ್ಕದು, ಹೊಸ ಚಿತ್ರದ ಹಾಡಿಗೆ ಸಿಕ್ಕುತ್ತದೆ. ಒಂದೇ ಕಂಪನಿ ಹಲವು ನಗರಗಳಲ್ಲಿ ಕೇಂದ್ರ ನಡೆಸಿದಾಗ ಒಂದೆಡೆ ತಯಾರಿಸಿ ಎಲ್ಲೆಡೆ ಹಂಚುವುದು ಅಗ್ಗ. ಅಗ್ಗವಾದದ್ದು ಸಪ್ಪೆಯೂ ಆಗುವುದು ಇಲ್ಲಿಯೇ.

ಎರಡನೆಯದು ದೂರದ ಅಪ್ಪಣೆ. ಖಾಸಗಿಯವರಿಗೆ ಮಾರುಕಟ್ಟೆ ಹೇಗೋ ಸರ್ಕಾರಿ ವ್ಯವಸ್ಥೆಗೆ ಸುತ್ತೋಲೆ ಹಾಗೆ. ಸಹಪ್ರಸಾರದ ಅವಧಿ ಹೆಚ್ಚಿದಷ್ಟೂ ಸ್ಥಳೀಯ ಅವಧಿ ಕುಗ್ಗುತ್ತದೆ. ನಿವೃತ್ತರಾದವರ ಸ್ಥಾನ ತುಂಬದೆ, ದಿನಗೂಲಿಯ ಲೆಕ್ಕದಲ್ಲಿ ಬರುವ ಉದ್ಘೋಷಕರನ್ನೇ ನೆಚ್ಚಿಕೊಂಡ ಕೇಂದ್ರದಿಂದ ಹಳ್ಳಿಗೆ ಜೀಪು ಹೊರಡುವುದಿಲ್ಲ. ಧ್ವನಿಮುದ್ರಣಕ್ಕೆ ಊರೂರು ತಿರುಗುವ ಬದಲು ಹಳೆಯ ಹಾಡು ಹಾಕುವುದು ಸುಲಭ. ಅಲ್ಲಿಯ ಸಿಬ್ಬಂದಿಯನ್ನು ಹಳಿದು ಪ್ರಯೋಜನವಿಲ್ಲ. ಕೈ ಕಟ್ಟಿ ಈಜು ಎಂದರೆ ಯಾರು ತಾನೇ ಈಜಿಯಾರು?

ಮೂರನೆಯದು ನುಡಿಯ ಸಂಕೋಚ. ಕಲಬುರಗಿ ಸೀಮೆಯ ಕನ್ನಡಕ್ಕೆ ತನ್ನದೇ ಗತ್ತಿದೆ. ಉರ್ದು, ಮರಾಠಿಗಳ ಒಡನಾಟದಿಂದ ಬಂದ ಸೊಗಸಿದೆ. ಹವ್ಯಕ, ಗೌಡ, ಹಾಲಕ್ಕಿ, ಕುಣಬಿ ಜನರ ಮಾತಿಗೂ ಅದರದರ ಬನಿಯಿದೆ. ಇವೆಲ್ಲ ರೇಡಿಯೊದಲ್ಲಿ ಬರುವುದು ಬಹುತೇಕ ನಗೆನಾಟಕದಲ್ಲಿ. ಗಂಭೀರ ವಿಷಯ ಬಂದ ಕೂಡಲೇ ಪುಸ್ತಕದ ಕನ್ನಡವೋ, ಅರ್ಧ ಇಂಗ್ಲಿಷಿನ ನಗರದ ಕನ್ನಡವೋ ಮುಂದೆ ಬರುತ್ತದೆ. ತನ್ನ ಮಾತು ನಗೆಗಷ್ಟೇ ಯೋಗ್ಯವೆಂದು ದಿನವೂ ಕೇಳಿಸಿಕೊಂಡ ರೈತ ಧ್ವನಿವರ್ಧಕದ ಮುಂದೆ ಬಾಯಿ ಬಿಡಲಾರ.

ನಾಲ್ಕನೆಯದು ಅಂಜಿಕೆ. ಯಾರಿಗೂ ಬೇಸರವಾಗದ ಮಾತನ್ನೇ ಆಡಬೇಕೆಂದರೆ ಉಳಿಯುವುದು ಸುಭಾಷಿತ ಮಾತ್ರ. ‘ಕಾಡನ್ನು ಉಳಿಸಿರಿ’ ಎಂದರೆ ಯಾರ ತಕರಾರೂ ಇಲ್ಲ. ಯಾವ ಗುಡ್ಡವನ್ನು ಯಾವ ರಸ್ತೆಗಾಗಿ ಹೇಗೆ ಕಡಿಯಲಾಯಿತು, ಆ ಕಡಿತದ ಇಳಿಜಾರು ನಿಲ್ಲುವಂಥದೇ ಎಂದು ಕೇಳಿದರೆ ದೂರವಾಣಿ ಬರುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಜರಿದು ಜೀವಗಳು ಹೋದವು. ಅಂಥ ಪ್ರಶ್ನೆಗಳು ದುರಂತಕ್ಕೆ ಮೊದಲೇ ಊರಿನ ಬಾನುಲಿಯಲ್ಲಿ ಏಳಬೇಕು. ದುರಂತದ ಮರುದಿನ ಕೇಳಲು ಎಲ್ಲರೂ ಇರುತ್ತಾರೆ.

ಕಾನೂನಿನ ಅರ್ಧಸತ್ಯ

‘ಸುದ್ದಿ ಪ್ರಸಾರಕ್ಕೆ ಅನುಮತಿಯಿಲ್ಲ’ ಎಂಬ ಉತ್ತರ ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ಬರುತ್ತದೆ. ಅದು ಸುಳ್ಳಲ್ಲ. ಖಾಸಗಿ ಎಫ್.ಎಂ. ಕೇಂದ್ರಗಳಾಗಲಿ, ಸಮುದಾಯ ಬಾನುಲಿಗಳಾಗಲಿ ಸ್ವಂತ ವಾರ್ತೆಯನ್ನು ಬಿತ್ತರಿಸುವಂತಿಲ್ಲ. ಆಕಾಶವಾಣಿಯ ವಾರ್ತೆಯನ್ನು ಇದ್ದಂತೆಯೇ ಮರುಪ್ರಸಾರ ಮಾಡಬಹುದಷ್ಟೆ. ಪತ್ರಿಕೆಗೆ, ದೂರದರ್ಶನ ವಾಹಿನಿಗಳಿಗೆ ಇರುವ ಸ್ವಾತಂತ್ರ್ಯ ರೇಡಿಯೊಗೆ ಇಲ್ಲದಿರುವುದು ಅನ್ಯಾಯವೆಂಬುದರಲ್ಲಿ ಎರಡು ಮಾತಿಲ್ಲ.

ಆದರೆ ಈ ಉತ್ತರದ ಇನ್ನರ್ಧವನ್ನು ವಿದ್ಯಾರ್ಥಿಗಳು ತಿಳಿದಿರಬೇಕು. ಹವಾಮಾನ, ಸಂಚಾರ, ನೀರು ಮತ್ತು ವಿದ್ಯುತ್ ಸರಬರಾಜು, ನೈಸರ್ಗಿಕ ವಿಕೋಪ, ಪರೀಕ್ಷೆ ಹಾಗೂ ಫಲಿತಾಂಶ, ಸ್ಥಳೀಯ ಸಾಂಸ್ಕೃತಿಕ ಸಮಾರಂಭ ಇವುಗಳ ಮಾಹಿತಿಯನ್ನು ‘ವಾರ್ತೆ’ ಎಂದು ಪರಿಗಣಿಸುವುದಿಲ್ಲವೆಂದು ಸರ್ಕಾರದ ನಿಯಮಗಳೇ ಹೇಳಿವೆ. ಹಳ್ಳಿಗನಿಗೆ ನಿತ್ಯ ಬೇಕಾದುದರಲ್ಲಿ ಬಹುಪಾಲು ಈ ಪಟ್ಟಿಯಲ್ಲಿಯೇ ಇದೆ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಯನ್ನು ತಾನೇ ಅಳೆದು ತಿಳಿಸುವ ಮಾಪಕಗಳನ್ನು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಸ್ಥಾಪಿಸಿದೆ. ಅಂಕಿ ಸಿದ್ಧವಿದೆ, ಅದನ್ನು ಓದಿ ಹೇಳಲು ಕಾನೂನಿನ ಅಡ್ಡಿಯಿಲ್ಲ. ಆದರೂ ‘ರಾಜ್ಯದ ಕೆಲವೆಡೆ ಮಳೆಯಾಗುವ ಸಂಭವವಿದೆ’ ಎಂಬ, ಯಾವ ಊರಿಗೂ ತಾಗದ ವಾಕ್ಯವೇ ಕೇಳಿಬರುತ್ತದೆ. ಮೇಲಿನ ಘಟ್ಟದಲ್ಲಿ ರಾತ್ರಿ ಎಷ್ಟು ಮಳೆ ಬಿದ್ದಿತೆಂದು ಮುಂಜಾನೆ ಆರಕ್ಕೆ ತಿಳಿದರೆ ಸಂಕ ದಾಟಿ ಶಾಲೆಗೆ ಹೋಗುವ ಮಗುವನ್ನು ತಾಯಿ ಮನೆಯಲ್ಲಿ ಉಳಿಸಿಕೊಂಡಾಳು.

2020ರ ಅಕ್ಟೋಬರಿನಲ್ಲಿ ಭೀಮಾ ನದಿಗೆ ಮಹಾಪೂರ ಬಂದಾಗ ಅಫಜಲಪುರ, ಜೇವರ್ಗಿ ತಾಲೂಕುಗಳ ನದೀತೀರದ ಹಳ್ಳಿಗಳು ನೀರಿನಲ್ಲಿ ನಿಂತವು. ಮೇಲೆ ಮಹಾರಾಷ್ಟ್ರದ ಉಜನಿ ಜಲಾಶಯ, ಕೆಳಗೆ ಅಫಜಲಪುರ ತಾಲೂಕಿನ ಸೊನ್ನ ಬ್ಯಾರೇಜು. ಎಷ್ಟು ನೀರು ಬಿಟ್ಟರು, ಅದು ತಮ್ಮೂರಿಗೆ ಯಾವ ಹೊತ್ತಿಗೆ ಮುಟ್ಟುತ್ತದೆ, ದನಕರು ಎಲ್ಲಿಗೆ ಸಾಗಿಸಬೇಕು ಎಂಬ ಮೂರು ಮಾತುಗಳೇ ಆ ಸೀಮೆಯ ಜನಕ್ಕೆ ಅಂದು ಬೇಕಾದ ಕಾರ್ಯಕ್ರಮ. ಲಕ್ಷಗಟ್ಟಲೆ ಕ್ಯೂಸೆಕ್ಸ್ ಎಂಬ ಅಂಕಿಯಿಂದ ರೈತನಿಗೆ ಏನೂ ತಿಳಿಯದು; ನೀರು ಯಾವ ಗುಡಿಯ ಮೆಟ್ಟಿಲಿಗೆ, ಯಾರ ಹೊಲದ ಬದುವಿಗೆ ಬಂದೀತೆಂದು ಹೇಳಬಲ್ಲವನು ಆ ಊರನ್ನು ಬಲ್ಲವನೇ ಆಗಿರಬೇಕು.

ಓಗೊಡದ ಕೇಂದ್ರ

ಊರನ್ನು ಬಲ್ಲವರಿರಲಿ, ಕರೆಗೆ ಉತ್ತರವೇ ಸಿಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಒಂದು ನಿದರ್ಶನವಿದೆ. 2002ರ ಜನವರಿ 18ರ ನಡುರಾತ್ರಿಯ ಮೇಲೆ ನಾರ್ತ್ ಡಕೋಟಾ ರಾಜ್ಯದ ಮೈನಾಟ್ ಎಂಬ ಪಟ್ಟಣದ ಬಳಿ ಗೂಡ್ಸ್ ರೈಲು ಹಳಿತಪ್ಪಿ ಅಮೋನಿಯಾ ಅನಿಲದ ಮೋಡವೇ ಊರಿನತ್ತ ಹಬ್ಬಿತು. ಪಟ್ಟಣದ ಆರು ವಾಣಿಜ್ಯ ಕೇಂದ್ರಗಳು ಒಂದೇ ಕಂಪನಿಯ ಕೈಯಲ್ಲಿದ್ದವು. ಪೊಲೀಸರು ಎಚ್ಚರಿಕೆ ಕೊಡಿಸಲು ಕರೆ ಮಾಡಿದರೆ ಉತ್ತರ ಸಿಗಲಿಲ್ಲ. ಹಾಡುಗಳು ಯಂತ್ರದಿಂದ ಹರಿಯುತ್ತಲೇ ಇದ್ದವು. ಒಬ್ಬರು ಸತ್ತರು, ನೂರಾರು ಜನ ಅಸ್ವಸ್ಥರಾದರು. ತುರ್ತು ಸೂಚನೆಯ ಯಂತ್ರವನ್ನು ಪೊಲೀಸರು ಸರಿಯಾಗಿ ಬಳಸಲಿಲ್ಲವೆಂದು ಕಂಪನಿ ಹೇಳಿತು. ತಪ್ಪು ಯಾರದಾದರೂ ಇರಲಿ, ಊರಿನ ಹೆಸರಿನ ಕೇಂದ್ರದಲ್ಲಿ ಆ ರಾತ್ರಿ ಊರಿನವರ ಕರೆಗೆ ಉತ್ತರ ಸಿಗಲಿಲ್ಲವೆಂಬುದು ನಿಜ.

ಗುಡ್ಡದ ನೆರಳು

ಮಲೆನಾಡಿಗೆ ಇನ್ನೂ ಒಂದು ಬೇರೆ ತೊಡಕಿದೆ. ಮೀಡಿಯಂ ವೇವ್ ತರಂಗಗಳು ನೆಲವನ್ನು ಅಪ್ಪಿ ಸಾಗುತ್ತವೆ. ಗುಡ್ಡದಾಚೆಯ ಕಣಿವೆಗೂ ಅಷ್ಟಿಷ್ಟು ಇಳಿಯುತ್ತವೆ. ಎಫ್.ಎಂ. ತರಂಗಗಳು ಹೆಚ್ಚುಕಡಿಮೆ ದೃಷ್ಟಿ ಹರಿಯುವಂತೆ ನೇರ ಸಾಗುತ್ತವೆ. ಬಯಲಿನ ಕೊಳಕೂರದಂಥ ಊರಿಗೆ ಇದರಿಂದ ಬಾಧಕ ಕಡಿಮೆ. ಆದರೆ ಗುಡ್ಡದ ಬುಡದ ಹಳ್ಳಿಗೆ, ಮಧ್ಯೆ ಒಂದು ಬೆಟ್ಟ ಅಡ್ಡಬಂದರೆ ಸಾಕು, ಎಫ್.ಎಂ. ಕೇಳಿಸುವುದಿಲ್ಲ. ಪ್ರಸಾರ ಭಾರತಿಯು ದೇಶದ ಹಲವೆಡೆ ಹಳೆಯ ಮೀಡಿಯಂ ವೇವ್ ಪ್ರೇಷಕಗಳನ್ನು ಕೈಬಿಟ್ಟು ಎಫ್.ಎಂ. ಕಡೆಗೆ ಸಾಗುತ್ತಿದೆ. ಧ್ವನಿ ನಿಚ್ಚಳವಾಗುವುದು ನಿಜ. ಆದರೆ ಕಣಿವೆ ಕಣಿವೆಗೆ ಪುಟ್ಟ ಮರುಪ್ರೇಷಕಗಳನ್ನು ಕೊಡದೆ ಈ ಬದಲಾವಣೆಯಾದರೆ ಲಾಭ ಬಯಲಿಗೆ, ನಷ್ಟ ಗುಡ್ಡಕ್ಕೆ.

ಇಲ್ಲಿಯೇ ಸಪ್ಪೆತನದ ನಿಜವಾದ ಅಪಾಯವಿರುವುದು. ಕೇಳಲು ಯೋಗ್ಯವಾದದ್ದು ಬರುತ್ತಿದ್ದರೆ, ಪ್ರಸಾರ ನಿಂತ ದಿನ ಜನ ತಾಲೂಕು ಕಚೇರಿಯ ಮುಂದೆ ನಿಂತಾರು. ಸಪ್ಪೆಯಾದ ಬಾನುಲಿಗಾಗಿ ಯಾರೂ ಧರಣಿ ಕೂರುವುದಿಲ್ಲ. ಕೇಳುಗರು ಕಡಿಮೆಯಾದರೆಂದು ಅವಧಿ ಕಡಿತ, ಅವಧಿ ಕಡಿತವಾಯಿತೆಂದು ಕೇಳುಗರು ಇನ್ನೂ ಕಡಿಮೆ, ಕೊನೆಗೆ ‘ಅಗತ್ಯವಿಲ್ಲ’ ಎಂಬ ಷರಾ.

ಬೇರೆ ದಾರಿ ಹಿಡಿದವರು

ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ಆರಂಭವಾದಾಗ ಹಳ್ಳಿಗರಿಗೆ ತರಂಗಾಂತರದ ಪರವಾನಗಿ ಸಿಗುವಂತಿರಲಿಲ್ಲ. ಮೈರಾಡಾ ಮತ್ತು ವಾಯ್ಸಸ್ ಸಂಸ್ಥೆಗಳ ನೆರವಿನೊಡನೆ ಊರಿನವರು ಕೇಬಲ್ ತಂತಿಯ ಮೂಲಕವೇ ಮನೆಮನೆಗೆ ಕಾರ್ಯಕ್ರಮ ಮುಟ್ಟಿಸಿದರು. ಮಾತನಾಡಿದವರು, ಧ್ವನಿಮುದ್ರಿಸಿದವರು, ಕೇಳಿದವರು ಎಲ್ಲರೂ ಅಲ್ಲಿಯವರೇ.

ಬೀದರ ಗಡಿಯಾಚೆ, ತೆಲಂಗಾಣದ ಜಹೀರಾಬಾದ್ ಬಳಿಯ ಮಾಚನೂರಿನಲ್ಲಿ ದಲಿತ ಹೆಣ್ಣುಮಕ್ಕಳು ನಡೆಸುವ ‘ಸಂಘಂ ರೇಡಿಯೊ’ ಇದೆ. ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಆಶ್ರಯದಲ್ಲಿ 1990ರ ದಶಕದ ಕೊನೆಯಲ್ಲಿಯೇ ಸ್ಟುಡಿಯೋ ಸಿದ್ಧವಾಗಿದ್ದರೂ ಅನುಮತಿ ಬಂದು ಪ್ರಸಾರ ಆರಂಭವಾದದ್ದು 2008ರ ಅಕ್ಟೋಬರಿನಲ್ಲಿ. ಆ ನಡುವಿನ ವರ್ಷಗಳಲ್ಲಿ ಅವರು ಕೈಚೆಲ್ಲಿ ಕೂರಲಿಲ್ಲ. ಕಾರ್ಯಕ್ರಮಗಳನ್ನು ಕ್ಯಾಸೆಟ್ಟಿಗೆ ತುಂಬಿ ಸಂಘದ ಸಭೆಗಳಲ್ಲಿ ಕೇಳಿಸಿದರು. ಸಿರಿಧಾನ್ಯ, ಬೀಜ ಉಳಿಸುವ ಬಗೆ, ಮನೆಮದ್ದು, ಹಬ್ಬ, ಹಾಡು ಅವರ ವಸ್ತು. ಅವರ ಸೀಮೆಯ ತೆಲುಗೇ ಅವರ ನುಡಿ. ಕಲಬುರಗಿ ಸೀಮೆಯಂತೆಯೇ ಮಳೆಯನ್ನು ನೆಚ್ಚಿದ ಆ ನೆಲದಲ್ಲಿ ಅದು ಯಾರಿಗೂ ಅನಗತ್ಯವೆನಿಸಿಲ್ಲ.

ಇತ್ತ ಹೆಗ್ಗಡದೇವನಕೋಟೆ ಕಾಡಂಚಿನ ಸರಗೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸಂಸ್ಥೆಯ ‘ಜನಧ್ವನಿ’ 2012ರಿಂದ ನಡೆದುಬಂದಿದೆ. ಶ್ರೀಲಂಕೆಯ ಬೆಟ್ಟಸೀಮೆಯ ಕೊತ್ಮಲೆಯಲ್ಲಿ, ಮಹಾವೇಲಿ ಅಣೆಕಟ್ಟು ಯೋಜನೆಯಿಂದ ನೆಲೆ ಕಳೆದುಕೊಂಡ ಜನರ ನಡುವೆ 1989ರಲ್ಲಿಯೇ ಸಮುದಾಯ ಬಾನುಲಿ ಹುಟ್ಟಿತ್ತು.

2006ರ ನವೆಂಬರಿನ ನೀತಿಯು ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ಬಾನುಲಿಯ ಬಾಗಿಲು ತೆರೆಯಿತು. 100 ವ್ಯಾಟ್ ಶಕ್ತಿ, ಹತ್ತು ಹನ್ನೆರಡು ಕಿಲೋಮೀಟರ್ ವ್ಯಾಪ್ತಿ. ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧದಷ್ಟು ಅಲ್ಲಿಯೇ ತಯಾರಾಗಬೇಕೆಂಬ ನಿಯಮ. ಆದರೆ ಬಾಗಿಲು ತೆರೆದ ಮಾತ್ರಕ್ಕೆ ಒಳಗೆ ಬರುವವರು ಊರಿನವರೇ ಎಂದಲ್ಲ. ಕಾಲೇಜಿನ ಆವರಣದಲ್ಲಿ ಹುಟ್ಟಿ, ಆಡಳಿತ ಮಂಡಳಿಯ ಸಮಾರಂಭಗಳನ್ನು ಬಿತ್ತರಿಸುವುದರಲ್ಲಿಯೇ ತೃಪ್ತಿಪಡುವ ಕೇಂದ್ರ, ಚಿಕ್ಕದಾಗಿದ್ದರೂ ಸಪ್ಪೆಯೇ. ಸಂಸ್ಥೆಯ ಧ್ವನಿಗೂ ಸಮುದಾಯದ ಧ್ವನಿಗೂ ಅಂತರವಿದೆ.

ಮೊಬೈಲ್ ಇರುವಾಗ?

ಕಿಸೆಯಲ್ಲಿ ಮೊಬೈಲ್ ಇರುವಾಗ ರೇಡಿಯೊ ಏಕೆ ಎಂಬುದು ತಕ್ಕ ಪ್ರಶ್ನೆಯೇ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಜರಿದಂಥ ಸಂದರ್ಭದಲ್ಲಿ ಮೊದಲು ಹೋಗುವುದು ವಿದ್ಯುತ್ತು, ಅದರ ಹಿಂದೆಯೇ ಮೊಬೈಲ್ ಗೋಪುರ. ಎರಡು ಸೆಲ್ಲಿನ ರೇಡಿಯೊ ಆಗಲೂ ನಡೆಯುತ್ತದೆ. ಇದಲ್ಲದೆ ಮೊಬೈಲಿನಲ್ಲಿ ಓಡಾಡುವ ಗಾಳಿಮಾತಿಗೆ ಹೊಣೆಗಾರರಿಲ್ಲ. ಬಾನುಲಿಯಲ್ಲಿ ಆಡಿದ ಮಾತಿಗೆ ಹೆಸರು, ವಿಳಾಸ ಇರುತ್ತದೆ.

ಆದರೂ ಯಂತ್ರ ಯಾವುದೆಂಬುದು ಮುಖ್ಯವಲ್ಲ. ತಮಿಳುನಾಡಿನ ವಾಲ್ಪಾರೈ ಚಹಾತೋಟಗಳ ನಡುವೆ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನವರು ಆನೆಗಳು ಯಾವ ತೋಟದ ಬಳಿ ಇವೆಯೆಂದು ಮೊದಲು ಸ್ಥಳೀಯ ಕೇಬಲ್ ವಾಹಿನಿಯ ಪರದೆಯಲ್ಲಿ, ಆಮೇಲೆ ಮೊಬೈಲ್ ಸಂದೇಶದಲ್ಲಿ, ಕೆಂಪು ದೀಪದ ಸಂಕೇತದಲ್ಲಿ ತಿಳಿಸಿದರು. ಮಾಧ್ಯಮ ಬದಲಾದರೂ ಮಾತು ಆ ಜಾಗದ್ದೇ ಆಗಿತ್ತು. ಅಂಥ ಮಾತು ಇಲ್ಲದಿದ್ದರೆ ರೇಡಿಯೊವಾಗಲಿ ಮೊಬೈಲಾಗಲಿ ಎರಡೂ ಅಷ್ಟೇ.

ಮಾಡಬಹುದಾದ ಕೆಲಸ

ವಿದ್ಯಾರ್ಥಿಗಳು ಒಂದು ವಾರ ತಮ್ಮ ಭಾಗದ ಕೇಂದ್ರವನ್ನು ಪಾಳಿಯ ಮೇಲೆ ಕೇಳಿ, ಒಂದು ವಹಿಯಲ್ಲಿ ಬರೆದಿಡಲಿ. ಯಾವ ಕಾರ್ಯಕ್ರಮ, ಎಷ್ಟು ನಿಮಿಷ, ಅದರಲ್ಲಿ ಈ ಜಿಲ್ಲೆಯವರಷ್ಟೇ ಹೇಳಬಹುದಾಗಿದ್ದ ಮಾತು ಎಷ್ಟು, ಯಾವ ಹಳ್ಳಿಯ ಹೆಸರು ಬಂದಿತು, ಹೆಂಗಸರು, ಕೂಲಿಯವರು, ಕಾಡಿನವರು ಎಷ್ಟು ಹೊತ್ತು ಮಾತನಾಡಿದರು. ‘ಚೆನ್ನಾಗಿಲ್ಲ’ ಎಂಬ ಗೊಣಗಾಟಕ್ಕೆ ಯಾರೂ ಕಿವಿಗೊಡುವುದಿಲ್ಲ. ಆ ವಹಿಯ ಲೆಕ್ಕದೊಡನೆ ಕೇಂದ್ರದ ಮುಖ್ಯಸ್ಥರಿಗೆ ಪತ್ರ ಬರೆದರೆ ಉತ್ತರಿಸದೆ ಇರುವುದು ಕಷ್ಟ.

ಗ್ರಾಮಸ್ಥರು ಒಂದೇ ಒಂದು ಬೇಡಿಕೆಯಿಂದ ಆರಂಭಿಸಲಿ. ಮಳೆಗಾಲದ ನಾಲ್ಕು ತಿಂಗಳು ಪ್ರತಿದಿನ ಮುಂಜಾನೆ ಹತ್ತು ನಿಮಿಷ: ಪಂಚಾಯಿತಿವಾರು ಮಳೆ, ಹೊಳೆಯ ಮಟ್ಟ, ಮುಚ್ಚಿದ ರಸ್ತೆ, ನಿಂತ ಬಸ್ಸು, ಕೊಳೆರೋಗದ ಸ್ಥಿತಿ. ಬೇಸಿಗೆಯಲ್ಲಿ ಅದೇ ಹತ್ತು ನಿಮಿಷ ಮಂಗನ ಕಾಯಿಲೆ, ಕಾಡುಕಿಚ್ಚು, ಕುಡಿಯುವ ನೀರಿಗೆ ಮೀಸಲಾಗಲಿ. ಕೇಂದ್ರದವರಿಗೆ ಜನಬಲವಿಲ್ಲದಿದ್ದರೆ ಊರೂರಿನಿಂದ ಮಾಹಿತಿ ಕೊಡಲು ಒಬ್ಬೊಬ್ಬರು ಹೆಸರು ಬರೆಸಲಿ. ಕೇಳುಗರು ಕೊಡುವವರೂ ಆದಾಗ ಬಾನುಲಿ ತಾನಾಗಿಯೇ ಊರಿನದಾಗುತ್ತದೆ.

ಜೇವರ್ಗಿ ಸೀಮೆಯ ರೈತನೂ ಇದೇ ಹತ್ತು ನಿಮಿಷವನ್ನು ಕೇಳಬಹುದು. ಅವನ ಪಟ್ಟಿ ಬೇರೆ: ಭೀಮಾ ನದಿಯ ನೀರು, ತೊಗರಿಯ ಕಾಯಿಕೊರಕ, ನೆಟೆರೋಗ, ಕಲಬುರಗಿ ಮಾರುಕಟ್ಟೆಯ ಅಂದಿನ ಧಾರಣೆ. ಮಲೆನಾಡಿನವರಿಗೆ ಆ ಹತ್ತು ನಿಮಿಷ ಏನೂ ಉಪಯೋಗಕ್ಕೆ ಬಾರದು. ಇಲ್ಲಿಯ ಹತ್ತು ನಿಮಿಷ ಅವನಿಗೂ ಬಾರದು. ಹಾಗೆ ಬಾರದಿದ್ದಾಗಲೇ ಎರಡು ಕಡೆಯ ಕೇಂದ್ರಗಳೂ ತಮ್ಮ ಕೆಲಸವನ್ನು ಸರಿಯಾಗಿ ಮಾಡುತ್ತಿವೆಯೆಂದು ತಿಳಿಯತಕ್ಕದ್ದು.